ನಮ್ಮ ಡಬ್ಬಿ ಬಿಡಿ, ನಿಮ್ಮ ದಾಖಲೆ ತೆಗೀರಿ

2020ರ ಮಾರ್ಚ್‌ನಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಯಜಮಾನರು ಬಾಗಿಲಲ್ಲಿ ನಿಂತು ಕೇಳಿದರು: 'ಚೀನಾದೋರು ಕಂಡಿದ್ದೆಲ್ಲ ತಿಂದು ಕೊರೋನಾ ತಂದ್ರು. ನಿಮ್ಮೋರೂ ಹಂಗೇ ಅಲ್ವೇನಪ್ಪ?' ಬಿ.ಎ. ಓದುತ್ತಿದ್ದ ನಾನು ಉತ್ತರ ಕೊಡಲಿಲ್ಲ. ಅವ್ವ ಕಟ್ಟಿಕೊಟ್ಟ ಕೊರಬಾಡಿನ ಡಬ್ಬೀನ ಮಂಚದಡಿಗೆ ತಳ್ಳಿದೆ. ಉತ್ತರ ಇವತ್ತು ಕೊಡ್ತೀನಿ.

ರೋಗ ಎಲ್ಲಿಂದ ಬಂತು ಅನ್ನೋದು ಪ್ರಶ್ನೆ. ಯಾರು ತಂದರು ಅನ್ನೋದು ತೀರ್ಪು. ನಮ್ಮ ಪುರೋಹಿತಶಾಹಿಗೆ ಎರಡನೆಯದು ಮಾತ್ರ ಗೊತ್ತು. ಮೈಲಿಗೆ ಅಂದರೆ ತನಿಖೆಯಿಲ್ಲದೆ ಕೊಟ್ಟ ತೀರ್ಪೇ ತಾನೆ?

ತನಿಖೆಯ ಗತಿ ನೋಡಿ. 2019ರ ಡಿಸೆಂಬರ್‌ನ ಮೊದಲ ರೋಗಿಗಳಲ್ಲಿ ಬಹಳ ಮಂದಿ ವುಹಾನಿನ ಹುವಾನಾನ್ ಮಾರುಕಟ್ಟೆಯವರು, ಇಲ್ಲವೇ ಅದರ ಸುತ್ತಮುತ್ತಲವರು. 2020ರ ಜನವರಿ 1ರಂದು ಅದನ್ನು ಮುಚ್ಚಿದರು. ಅಲ್ಲಿ ಒರೆಸಿ ತೆಗೆದ ಮಾದರಿಗಳಲ್ಲಿ ರಕೂನ್ ನಾಯಿಯ ವಂಶವಾಹಿ ಗುರುತು ಸಿಕ್ಕಿತು, ಪ್ರಾಣಿ ಸಿಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2025ರ ಜೂನ್‌ನಲ್ಲಿ ವರದಿ ಕೊಟ್ಟರು: ಸಿಕ್ಕ ಸಾಕ್ಷ್ಯದ ತೂಕ ಪ್ರಾಣಿಯಿಂದ ಮನುಷ್ಯನಿಗೆ ದಾಟಿತು ಅನ್ನೋ ಕಡೆಗಿದೆ, ಪ್ರಯೋಗಾಲಯದಿಂದ ಸೋರಿತು ಅನ್ನೋದನ್ನ ತನಿಖೆ ಮಾಡಲೂ ಆಗಿಲ್ಲ, ತಳ್ಳಿಹಾಕಲೂ ಆಗಿಲ್ಲ. ಕೇಳಿದ ದಾಖಲೆಗಳನ್ನೆಲ್ಲ ಚೀನಾ ಕೊಡಲಿಲ್ಲ. ಅಮೆರಿಕದ ಟ್ರಂಪ್ 2020ರಲ್ಲೇ 'ಚೀನಾ ವೈರಸ್' ಅಂತ ಹೆಸರಿಟ್ಟು ಕೈ ತೊಳಕೊಂಡಿದ್ದ.

ಉತ್ತರ ಮುಚ್ಚಿಟ್ಟ ಕಡೆ ಆಪಾದನೆ ಹುಟ್ಟುತ್ತೆ. ಅದು ಬೀಜಿಂಗಿಗೆ ಹೋಗಲ್ಲ, ವಾಷಿಂಗ್ಟನ್ನಿಗೂ ಹೋಗಲ್ಲ. ನನ್ನ ಕೋಣೆ ಬಾಗಿಲಿಗೆ ಬರುತ್ತೆ. ಆ ಮಾರ್ಚ್‌ನಲ್ಲೇ ಊರಿಗೆ ಮರಳುತ್ತಿದ್ದ ಕೂಲಿಗಳನ್ನ ಬರೇಲಿಯ ರಸ್ತೆಯಲ್ಲಿ ಕೂರಿಸಿ, ಮಕ್ಕಳು ಮರಿ ಅನ್ನದೆ, ಕ್ರಿಮಿನಾಶಕದ ನೀರು ಹೊಡೆದರಲ್ಲ!

'ಮೂಲ ಹುಡುಕಿ ಏನಾಗ್ಬೇಕು, ಸತ್ತೋರು ಬರ್ತಾರಾ?' ಅನ್ನೋ ಜಾಣರಿಗೆ ನಮ್ಮ ಮಂಗನ ಕಾಯಿಲೆ ನೆನಪಿಸ್ತೀನಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬಿದ್ದವು. ಕಾಡಿಗೆ ಹೋಗಿ ಬಂದವರು ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಸತ್ತ ಮಂಗ ಕೊಯ್ದರು, ರೋಗಿಗಳ ರಕ್ತ ತೆಗೆದರು, ಉಣುಗು ಆರಿಸಿದರು. ಅದೊಂದು ಹೊಸ ವೈರಸ್, ದಾಟಿಸೋದು ಉಣುಗು ಅಂತ ಸಾಬೀತಾಯ್ತು. ಮಾರಿಯಲ್ಲ, ಮಾಟವಲ್ಲ, ಕೂಲಿಯವನ ಕೊಳಕೂ ಅಲ್ಲ. 1983ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ, ಗೇರು ನೆಡೋಕೆ ಕಾಡು ಸವರಿದ ಸೀಮೆಯಲ್ಲಿ, ಅದೇ ಜ್ವರಕ್ಕೆ ನೂರಕ್ಕೂ ಹೆಚ್ಚು ಜನ ಸತ್ತರು. ಆಗ ಕೊಡಲಿಯ ಕಡೆ ಬೆರಳು ತೋರಿಸೋಕೆ ಆಗಿದ್ದು ಮೂಲ ಗೊತ್ತಿದ್ದರಿಂದ. ಗೊತ್ತಿದ್ದೂ ಕಡಿದರು ಅನ್ನೋದು ಬೇರೆ ಲೆಕ್ಕ. ಆ ಸಿಟ್ಟು ಇನ್ನೂ ಹೊಟ್ಟೇಲಿದೆ.

ಅದಕ್ಕೇ ಗೆಳೆಯರೇ, ಇದು ದೊಡ್ಡ ದೇಶಗಳ ಜಗಳ ಅಂತ ಸುಮ್ಮನಿರಬೇಡಿ. ಮುಂದಿನದ್ದು ಎಲ್ಲೇ ಹುಟ್ಟಲಿ, ಬೋನು ತೊಳೆಯೋನು, ಆಸ್ಪತ್ರೆ ಗುಡಿಸೋಳು ಅದರ ದಾರಿಯಲ್ಲೇ ಇರ್ತಾರೆ. ಯಾವ ಸಾಕಣೆಯಿಂದ ಯಾವ ಪ್ರಾಣಿ ಬಂತು? ಯಾವ ಪ್ರಯೋಗಾಲಯದಲ್ಲಿ ಏನಿಟ್ಟಿದ್ದರು? ಮೊದಲು ಮಲಗಿದವರ ಮಾದರಿ ಎಲ್ಲಿ? ಆ ಕಡತ ಬಿಚ್ಚಲಿ. ಅಲ್ಲೀತನಕ ಯಜಮಾನ್ರೇ, ನಮ್ಮವ್ವನ ಡಬ್ಬಿ ಕಡೆ ನೋಡಬೇಡಿ.