ಹಾಡಿನ ಜೊತೆ ಒಂದು ಮಾತು

ವಡೋದರಾದಲ್ಲಿ ಉಸ್ತಾದ್ ಫೈಯಾಜ್ ಖಾನರ ಗೋರಿಯಿದೆ. ಆಗ್ರಾ ಘರಾಣೆಯ ಈ ಗಾಯಕರು ಬರೋಡಾ ಸಂಸ್ಥಾನದ ಆಸ್ಥಾನ ಗಾಯಕರಾಗಿ ದಶಕಗಳ ಕಾಲ ಆ ಊರಿನಲ್ಲಿ ಬಾಳಿ, 1950ರ ನವೆಂಬರ್ 5ರಂದು ಅಲ್ಲಿಯೇ ತೀರಿಕೊಂಡರು. ಅವರ ಹೆಸರಿನ ಜೊತೆ ಸೇರಿಕೊಂಡ 'ಆಫ್ತಾಬ್-ಎ-ಮೌಸಿಕಿ', ಎಂದರೆ ಸಂಗೀತದ ಸೂರ್ಯ ಎಂಬ ಬಿರುದನ್ನು ಕೊಟ್ಟವರು ಮೈಸೂರಿನ ಮಹಾರಾಜರು. 2002ರ ಗಲಭೆಯಲ್ಲಿ ಆ ಗೋರಿಯ ಮೇಲೆ ದಾಳಿ ನಡೆಯಿತು. ಅದರ ಸುತ್ತ ಟೈರುಗಳನ್ನಿಟ್ಟು ಬೆಂಕಿ ಹಚ್ಚಿದ ಸುದ್ದಿ ಆಗ ಪತ್ರಿಕೆಗಳಲ್ಲಿ ಬಂತು.

ಇದನ್ನು ಕೋಮುದ್ವೇಷದ ಲೆಕ್ಕಕ್ಕೆ ಬರೆದು ಮುಂದೆ ಹೋಗಬಹುದು. ದ್ವೇಷದ ಲೆಕ್ಕ ಅದು ಹೌದು. ಆದರೆ ಸಂಗೀತ ಕೇಳುವವರ ಪಾಲಿಗೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಆ ಮನುಷ್ಯ ಸತ್ತು ಐವತ್ತೊಂದು ವರ್ಷಗಳಾಗಿದ್ದವು. ಅಷ್ಟರಲ್ಲಿ ಅವನ ಊರಿನ ಎಷ್ಟು ಮನೆಗಳಲ್ಲಿ ಅವನ ದನಿಯನ್ನು ಹಾಕಿ, "ಇವರು ನಮ್ಮೂರಿನವರು, ಇಲ್ಲಿ ಕೇಳು, ನೋಂ-ತೋಂ ಆಲಾಪ ಹೇಗೆ ಶುರು ಮಾಡುತ್ತಾರೆ" ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದ್ದರು? ಯಾರೂ ಹೇಳದೆ ಬಿಟ್ಟ ಹೆಸರು ಎರಡು ತಲೆಮಾರಿನಲ್ಲಿ ಬರೀ ಕಲ್ಲಾಗಿ ಉಳಿಯುತ್ತದೆ. ಕಲ್ಲಿನ ಪರವಾಗಿ ನಿಲ್ಲಲು ಜನ ಬರುವುದು ಕಷ್ಟ.

ಇವತ್ತು ಸಂಗೀತ ಹಂಚಿಕೊಳ್ಳುವಷ್ಟು ಸುಲಭವಾದ ಕೆಲಸ ಇನ್ನೊಂದಿಲ್ಲ. ಬೆಳಿಗ್ಗೆ ಯೂಟ್ಯೂಬಿನ ಲಿಂಕ್ ಬರುತ್ತದೆ, ಕೆಳಗೊಂದು ಕೈಮುಗಿದ ಚಿತ್ರ. ಸಂಜೆ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಮೂವತ್ತು ಸೆಕೆಂಡಿನ ತುಣುಕು. ವರ್ಷದ ಕೊನೆಗೆ ಯಾರು ಯಾವುದನ್ನು ಎಷ್ಟು ಹೊತ್ತು ಕೇಳಿದರು ಎಂಬ ಬಣ್ಣದ ಪಟ್ಟಿಯನ್ನು ಆ್ಯಪ್‌ಗಳೇ ತಯಾರಿಸಿ ಕೊಡುತ್ತವೆ, ಅದನ್ನೂ ಹಂಚಿಕೊಳ್ಳುವುದುಂಟು. ಇಷ್ಟೆಲ್ಲ ಹಂಚಿಕೆಯಲ್ಲಿ ಕಾಣದೆ ಹೋಗಿರುವುದು ಮಾತು. ಕಳಿಸಿದವರು ಅದರಲ್ಲಿ ಏನು ಕೇಳಿಸಿಕೊಂಡರು? ಹಾಡಿದವರು ಯಾರು, ಯಾರ ಹತ್ತಿರ ಕಲಿತವರು? ತಬಲಾ ನುಡಿಸಿದವರು ಯಾರು? 'ನಿದ್ದೆಗೆ', 'ಮಳೆಗಾಲಕ್ಕೆ', 'ಓದುವಾಗ' ಎಂದು ಹೆಸರಿಟ್ಟ ಪಟ್ಟಿಗಳಲ್ಲಿ ಹಾಡು ಬಂದು ಹೋಗುತ್ತದೆ, ಹಾಡಿದವರು ಬರುವುದೇ ಇಲ್ಲ.

ಮಾತಿಲ್ಲದೆ ಹಾಡು ಮಾತ್ರ ದಾಟಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವ ಒಂದು ಕಥೆಯಿದೆ. ಅದರ ಒಂದು ತುದಿ ವಡೋದರಾದಲ್ಲಿದೆ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು 1890ರ ದಶಕದಲ್ಲಿ ಬರೋಡಾ ಆಸ್ಥಾನದಲ್ಲಿದ್ದರು. ಅಲ್ಲಿ ಸರದಾರ ಮನೆತನದ ತಾರಾಬಾಯಿ ಮಾನೆಯವರನ್ನು ಪ್ರೀತಿಸಿ, ಇಬ್ಬರೂ ಊರು ಬಿಟ್ಟರು. ಮುಂದೆ ಅವರ ಮಗಳು ಹೀರಾಬಾಯಿ ದೊಡ್ಡ ಗಾಯಕಿಯಾದಾಗ ಅಡ್ಡಹೆಸರಾಗಿ ಉಳಿದದ್ದು 'ಬಡೋದೇಕರ್', ಅಂದರೆ ಬರೋಡಾದವರು ಎಂದು. ಕರೀಂ ಖಾನರು ಮಾತ್ರ ತೆಂಕಣಕ್ಕೆ ಬಂದು ಮಿರಜ್, ಧಾರವಾಡ, ಮೈಸೂರು ಎಂದು ತಿರುಗಿದರು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವರೆಂದು ಹೆಸರಾದರು. ಧಾರವಾಡದಲ್ಲಿ ಕರೀಂ ಖಾನರು ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರ ಹಾಡು ಕೇಳಲು ಅವರ ಮನೆಗೆ ಹೋಗುತ್ತಿದ್ದರು. ಅಂಬಾಬಾಯಿ ಹಾಡುತ್ತಿದ್ದದ್ದು ಕರ್ನಾಟಕ ಸಂಗೀತ. ಉತ್ತರದ ಉಸ್ತಾದರು ಚಾಪೆಯ ಮೇಲೆ ಕೂತು ಕೇಳುವುದು, ಆ ಮನೆಯ ಹುಡುಗಿ ಮುಂದೆ ಅವರದೇ ಶಿಷ್ಯರ ಹತ್ತಿರ ಕಲಿಯುವುದು: ಹಂಚಿಕೆ ಎಂಬ ಮಾತಿಗೆ ತಕ್ಕ ಉದಾಹರಣೆ ಇದು. ಎರಡೂ ಕಡೆಯವರು ಕೇಳಿದರು, ಎರಡೂ ಕಡೆಯವರು ಕೊಟ್ಟರು.

ಇನ್ನೊಂದು ತುದಿ ಗದಗಿನಲ್ಲಿದೆ. ಅಲ್ಲಿನ ಅಂಗಡಿಯೊಂದರಲ್ಲಿ ಹಾಕುತ್ತಿದ್ದ ಗ್ರಾಮಫೋನಿನಲ್ಲಿ ಭೀಮಸೇನ ಜೋಶಿ ಎಂಬ ಹುಡುಗ ಕರೀಂ ಖಾನರ ಝಿಂಝೋಟಿ ಠುಮ್ರಿಯನ್ನು ಕೇಳಿದ. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲು ಎಂದರೆ ಮೂರು ನಿಮಿಷದ ಆಚೀಚೆ, ಇವತ್ತಿನ ಫಾರ್ವರ್ಡ್‌ನಷ್ಟೇ ಉದ್ದ. ಹಾಗೆ ಹಾಡಬೇಕೆಂಬ ಹಸಿವು ಹತ್ತಿ, 1933ರಲ್ಲಿ ಹನ್ನೊಂದು ವರ್ಷದ ಹುಡುಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಗ್ವಾಲಿಯರ್ ಸುತ್ತಿದ, ಪಂಜಾಬಿನ ಜಾಲಂಧರ್ ತನಕ ಹೋದ. ಅಲ್ಲಿ ಹಾಡಲು ಬಂದಿದ್ದ ವಿನಾಯಕರಾವ್ ಪಟವರ್ಧನರು ಹೇಳಿದ ಮಾತು ಅವನನ್ನು ಊರಿಗೆ ವಾಪಸು ಕರೆತಂದಿತು. ಗುರುವನ್ನು ಹುಡುಕಿ ಇಷ್ಟು ದೂರ ಏಕೆ ಬಂದೆ, ಸವಾಯಿ ಗಂಧರ್ವರು ನಿನ್ನ ಊರಿನ ಕಡೆಯವರೇ ಅಲ್ಲವೇ ಎಂಬ ಅರ್ಥದ ಮಾತು ಅದು. ಗದಗಿನಿಂದ ಕುಂದಗೋಳಕ್ಕೆ ನೂರು ಕಿಲೋಮೀಟರೂ ಇಲ್ಲ.

ಈ ಕಥೆಯನ್ನು ಹುಡುಗನ ಛಲದ ಕಥೆಯಾಗಿ ಹೇಳುವುದು ರೂಢಿ. ಅದನ್ನೇ ಕೇಳುಗರ ಕಥೆಯಾಗಿಯೂ ಓದಬಹುದು. ತಟ್ಟೆ ದನಿಯನ್ನು ಕೊಟ್ಟಿತು, ಹಸಿವನ್ನೂ ಕೊಟ್ಟಿತು. ವಿಳಾಸ ಕೊಡಲು ಅದಕ್ಕೆ ಆಗಲಿಲ್ಲ. ಅದಕ್ಕೊಬ್ಬ ಮನುಷ್ಯ ಬೇಕಾದ. ಯಾರ ಸಂಗೀತ ಯಾರಲ್ಲಿ ಉಳಿದಿದೆ ಎಂದು ಗೊತ್ತಿದ್ದ, ಎದುರಿಗೆ ಕೂತವನ ಊರು ಯಾವುದೆಂದು ಕೇಳುವ ತಾಳ್ಮೆಯಿದ್ದ ಮನುಷ್ಯ. ಅಂಗಡಿಯ ಮುಂದೆ ನಿಂತಿದ್ದಾಗಲೇ ಅಂಥವರೊಬ್ಬರು ಪಕ್ಕದಲ್ಲಿದ್ದಿದ್ದರೆ ಅಷ್ಟು ದೂರದ ಅಲೆದಾಟ ಉಳಿಯುತ್ತಿತ್ತೋ ಏನೋ. ಇವತ್ತು ಸಾವಿರಾರು ಮಕ್ಕಳು ಫೋನಿನ ಮುಂದೆ ಅದೇ ಅಂಗಡಿಯ ಮುಂದೆ ನಿಂತಂತೆ ನಿಂತಿದ್ದಾರೆ. ಪಕ್ಕದಲ್ಲಿ ಯಾರೂ ಇಲ್ಲ.

ಹಾಡಿನ ಜೊತೆ ಹೆಸರು ಹೋಗಬೇಕೆಂಬುದು ಹಳೆಯ ಕಾಲದವರಿಗೆ ಕೆಲಸದ ಅಗತ್ಯವಾಗಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣ ಶುರುವಾದಾಗ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆಗಳು ಜರ್ಮನಿಯ ಹ್ಯಾನೋವರ್‌ನಲ್ಲಿ ತಯಾರಾಗುತ್ತಿದ್ದವು. ಭಾಷೆ ತಿಳಿಯದ ಅಲ್ಲಿನ ಕೆಲಸಗಾರರು ಯಾವ ತಟ್ಟೆಗೆ ಯಾರ ಚೀಟಿ ಅಂಟಿಸಬೇಕೆಂದು ಗುರುತಿಸಲು ಅದು ನೆರವಾಗುತ್ತಿತ್ತು. ಅಂಥ ಹೆಸರಿನ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಮೈಸೂರಿನಲ್ಲಿ. 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಇದು ಮೈಸೂರಿನ ಎಷ್ಟು ಮನೆಗಳಲ್ಲಿ ಮಾತಾಗಿದೆ ಎಂದು ಕೇಳಿಕೊಂಡರೆ ವಡೋದರಾದತ್ತ ಬೆರಳು ತೋರಿಸುವುದು ಅಷ್ಟು ಸುಲಭವಾಗುವುದಿಲ್ಲ. ಮುಂದೆ ಆಕಾಶವಾಣಿಯೂ ಹೆಸರು ಹೇಳುವ ಶಿಸ್ತನ್ನು ಉಳಿಸಿಕೊಂಡಿತು. ಧಾರವಾಡ ಕೇಂದ್ರವನ್ನು ಕೇಳಿ ಬೆಳೆದವರಿಗೆ ರಾಗ, ತಾಳ, ತಬಲಾ, ಹಾರ್ಮೋನಿಯಂ ಸಾಥ್ ಎಂದು ನಿಧಾನವಾಗಿ ಓದುವ ದನಿ ಹಾಡಿನಷ್ಟೇ ನೆನಪಿರುತ್ತದೆ.

ಬರೋಡಾ ಸಂಸ್ಥಾನವಂತೂ ಹಂಚಿಕೆಯನ್ನೇ ಒಂದು ಸಂಸ್ಥೆಯಾಗಿ ಕಟ್ಟಿತ್ತು. ಮೂರನೆಯ ಸಯಾಜಿರಾವ್ ಗಾಯಕವಾಡರ ಕಾಲದಲ್ಲಿ, 1886ರಲ್ಲಿ, ಮೌಲಾ ಬಕ್ಷ್ ಅಲ್ಲಿ ಗಾಯನ ಶಾಲೆ ತೆರೆದರು. ಈ ಮೌಲಾ ಬಕ್ಷ್ ಕೂಡ ದಕ್ಷಿಣಕ್ಕೆ ಬಂದು ಕರ್ನಾಟಕ ಸಂಗೀತ ಕಲಿತು, ಮೈಸೂರು ಆಸ್ಥಾನದಲ್ಲಿ ಮಾನ ಪಡೆದು ಹೋದವರು. ಮನೆತನದ ಗುಟ್ಟಾಗಿದ್ದ ಹಾಡನ್ನು ಸ್ವರಲಿಪಿಯಲ್ಲಿ ಬರೆದು ಶಾಲೆಯ ಮಕ್ಕಳಿಗೆ ಕಲಿಸುವ ಧೈರ್ಯ ಅವರದು. ಆ ಶಾಲೆ ಬೆಳೆದು ಇಂದು ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಭಾಗವಾಗಿದೆ. 1916ರಲ್ಲಿ ಭಾತಖಂಡೆಯವರು ಮೊದಲ ಅಖಿಲ ಭಾರತ ಸಂಗೀತ ಸಮ್ಮೇಳನ ನಡೆಸಿದ್ದೂ ಬರೋಡಾದಲ್ಲಿಯೇ. ಅದರ ಬೆನ್ನಿಗೇ ಶ್ರೀಕೃಷ್ಣ ರತನ್‌ಜನಕರ್ ಅಲ್ಲಿಗೆ ಹೋಗಿ ಫೈಯಾಜ್ ಖಾನರ ಹತ್ತಿರ ಕಲಿತರು. ರತನ್‌ಜನಕರರಿಂದ ಲಖನೌದಲ್ಲಿ ಕಲಿತವರಲ್ಲಿ ಬೈಲಹೊಂಗಲದಲ್ಲಿ ಹುಟ್ಟಿದ ಕೆ. ಜಿ. ಗಿಂಡೆಯವರೂ ಒಬ್ಬರು. ಹೀಗೆ ಗೋರಿಯಲ್ಲಿ ಮಲಗಿದವರ ವಿದ್ಯೆ ಬೆಳಗಾವಿ ಜಿಲ್ಲೆಯ ಒಬ್ಬ ಹುಡುಗನಿಗೂ ಬಂತು. ದಾರಿಯ ಪ್ರತಿ ತಿರುವಿನಲ್ಲಿ ಯಾರೋ ಒಬ್ಬರು ಎದುರಿಗೆ ಕೂತು "ಇದನ್ನು ಹೀಗೆ ಕೇಳು" ಎಂದಿದ್ದರು.

ಇದಕ್ಕೆ ಎರಡು ಆಕ್ಷೇಪಣೆಗಳು ಬರುತ್ತವೆ, ಎರಡರಲ್ಲೂ ಹುರುಳಿದೆ. ಒಂದು, ಸಂಗೀತವನ್ನು ಅನುಭವಿಸಬೇಕು, ಅದರ ಬಗ್ಗೆ ಹರಟಿದರೆ ರಸ ಕೆಡುತ್ತದೆ ಎಂಬುದು. ಕಛೇರಿಯಲ್ಲಿ ಪಕ್ಕದವರ ಕಿವಿಯಲ್ಲಿ ರಾಗದ ಹೆಸರು ಪಿಸುಗುಡುತ್ತ ತನ್ನ ಜಾಣತನ ತೋರಿಸುವವರ ಕಾಟ ಅನುಭವಿಸಿದವರು ಹೀಗೆನ್ನುವುದು ಸಹಜ. ರಾಗ ಗುರುತಿಸಲಾಗದವರನ್ನು ಕೀಳಾಗಿ ಕಾಣುವ ಮಾತು ಎಷ್ಟೋ ಜನರನ್ನು ಶಾಸ್ತ್ರೀಯ ಸಂಗೀತದಿಂದ ಓಡಿಸಿದೆ. ಆದರೆ ಇಲ್ಲಿ ಬೇಕಾಗಿರುವುದು ಪಾಂಡಿತ್ಯವಲ್ಲ. "ಎರಡನೇ ಸಲ ಸಾಲು ಎತ್ತಿಕೊಂಡಾಗ ದನಿ ಸಣ್ಣಗಾಗುತ್ತದೆ, ಅಲ್ಲಿ ನನಗೆ ಅಳು ಬಂತು" ಎಂದರೆ ಸಾಕು. ಇದನ್ನು ಹೇಳಲು ಯಾವ ಪರೀಕ್ಷೆಯೂ ಪಾಸಾಗಬೇಕಿಲ್ಲ. ಸಿನಿಮಾ ಹಾಡಿಗೆ, ಲಾವಣಿಗೆ, ರ‍್ಯಾಪಿಗೆ ಕೂಡ ಇದೇ ಮಾತು ಸಲ್ಲುತ್ತದೆ.

ಎರಡನೆಯದು ಇನ್ನೂ ಗಟ್ಟಿಯಾದ ಆಕ್ಷೇಪಣೆ. ಹೆಸರು ಗೊತ್ತಿದ್ದರೆ ಗೋರಿ ಉಳಿಯುತ್ತಿತ್ತೇ? ಬೆಂಕಿ ಹಚ್ಚಿದವರು ಹೆಸರು ಓದಿಕೊಂಡೇ ಹಚ್ಚಿರಬಹುದು. ಅದೇ ವರ್ಷ ಅಹಮದಾಬಾದಿನಲ್ಲಿ ಕವಿ ವಲಿಯವರ ಗೋರಿಯನ್ನು ನೆಲಸಮ ಮಾಡಿ ಮೇಲೆ ಡಾಂಬರು ಹಾಕಲಾಯಿತು. ಕೇಳುಗರ ಹರಟೆ ಗುಂಪನ್ನು ತಡೆಯುವುದಿಲ್ಲ. ಅದನ್ನು ತಡೆಯಬೇಕಾದದ್ದು ಪೊಲೀಸರು ಮತ್ತು ಸರ್ಕಾರ. ಇದನ್ನು ಒಪ್ಪಿಕೊಂಡೇ ಒಂದು ಮಾತು ಸೇರಿಸಬೇಕು. ಓದಿದ ಹೆಸರು ಬೇರೆ, ಕಿವಿಯಲ್ಲಿ ಕೂತ ಹೆಸರು ಬೇರೆ. 'ಫೈಯಾಜ್ ಖಾನ್' ಎಂಬುದು ಗೋಡೆಯ ಮೇಲಿದ್ದರೆ ಅದು ಒಂದು ಧರ್ಮದ ಗುರುತಷ್ಟೇ ಆಗಬಲ್ಲದು. ಅದೇ ಮನುಷ್ಯ ಕಾಫಿ ರಾಗದಲ್ಲಿ 'ವಂದೇ ನಂದಕುಮಾರಂ' ಹಾಡಿದ್ದನ್ನು ಅಜ್ಜಿಯ ಜೊತೆ ಕೂತು ಕೇಳಿದ ಮಗುವಿಗೆ ಆ ಹೆಸರು ಅಷ್ಟಕ್ಕೇ ನಿಲ್ಲುವುದಿಲ್ಲ. ಗುಂಪಿನಲ್ಲಿ ಮುಂದೆ ನುಗ್ಗುವವರನ್ನು ಇದು ಬದಲಿಸದೇ ಹೋಗಬಹುದು. ಸುಮ್ಮನೆ ನಿಂತು ನೋಡುವವರ ಸಂಖ್ಯೆಯನ್ನು, ಮಾರನೆಯ ದಿನ ಬಂದು ಬೂದಿ ಗುಡಿಸುವವರ ಸಂಖ್ಯೆಯನ್ನು ಬದಲಿಸಬಲ್ಲದು.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ದಿನಕ್ಕೆ ಹತ್ತು ಲಿಂಕ್ ಕಳಿಸುವವರು ವಾರಕ್ಕೆ ಒಂದೇ ಕಳಿಸಲಿ. ಅದರ ಜೊತೆ ಮೂರು ವಾಕ್ಯ ಬರೆಯಲಿ: ಹಾಡಿದವರು ಮತ್ತು ನುಡಿಸಿದವರು ಯಾರು, ಅವರಿಗೆ ಈ ಹಾಡು ಎಲ್ಲಿಂದ ಬಂತು, ಎಷ್ಟನೇ ನಿಮಿಷದಲ್ಲಿ ತಮಗೆ ಏನಾಯಿತು. ಪಡೆದವರು ಕೈಮುಗಿದ ಚಿತ್ರ ಕಳಿಸಿ ಮುಗಿಸದೆ, ಕೇಳಿದ ಮೇಲೆ ಒಂದು ವಾಕ್ಯ ಹಿಂತಿರುಗಿಸಲಿ; ಇಷ್ಟವಾಗದಿದ್ದರೆ ಏಕೆ ಆಗಲಿಲ್ಲ ಎಂದಾದರೂ ಬರೆಯಲಿ. ಜಗಳವಾದರೂ ಚಿಂತೆಯಿಲ್ಲ. ಕಿರಾಣಾ ದೊಡ್ಡದೋ ಆಗ್ರಾ ದೊಡ್ಡದೋ ಎಂದು ಜಗಳವಾಡಲು ಎರಡನ್ನೂ ಕೇಳಿರಲೇಬೇಕಾಗುತ್ತದೆ. ಮನೆಯಲ್ಲಿ ಇಬ್ಬರಿದ್ದರೆ ಇಯರ್‌ಫೋನ್ ತೆಗೆದಿಟ್ಟು ಒಂದು ಹಾಡನ್ನು ಎರಡು ಸಲ ಹಾಕಲಿ. ಮೂರು ನಿಮಿಷದ ತಟ್ಟೆಯಾದರೆ ಒಟ್ಟು ಆರು ನಿಮಿಷವಾಯಿತು.

ಬೇರೆ ರಾಜ್ಯಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಕೆಲಸ ಇನ್ನಷ್ಟು ಹೊಂದುತ್ತದೆ. ವಡೋದರಾದ ಫ್ಲ್ಯಾಟಿನಲ್ಲಿರುವ ಕನ್ನಡಿಗರು ಎದುರು ಮನೆಯವರಿಗೆ ಗಂಗೂಬಾಯಿಯವರ ಭೈರವಿಯನ್ನು ಕೇಳಿಸಬಹುದು; ಈ ಹಾಡಿಕೆಯ ಒಂದು ಬೇರು ನಿಮ್ಮೂರ ಆಸ್ಥಾನದಲ್ಲಿದ್ದು ಹೋದವರದು ಎಂದು ಹೇಳಬಹುದು. ಮೈಸೂರಿನ ನೆಂಟರಿಗೆ ಫೈಯಾಜ್ ಖಾನರ ಕಾಫಿಯನ್ನು ಕಳಿಸಬಹುದು. ಜೊತೆಗೆ ಬರೆಯಲು ಒಂದು ವಾಕ್ಯ ಸಿದ್ಧವಾಗಿಯೇ ಇದೆ: ಇವರಿಗೆ ಸಂಗೀತದ ಸೂರ್ಯ ಎಂದು ಹೆಸರಿಟ್ಟವರು ನಿಮ್ಮೂರಿನವರು, ಕೇಳಿ ನೋಡಿ, ಸರಿಯಾಗಿ ಇಟ್ಟಿದ್ದಾರೆಯೇ ಹೇಳಿ.