ಹಸಿ ಎರಿಯಾಗ ಜೀಪಿನ ಆಟ ಸಾಕು

ಅಕ್ಕಾರ, ತಂಗ್ಯಾರ, ಈ ಸಲ ಅಡಗಿ ವಿಷಯ ಬ್ಯಾಡ. ನಾಕ ಹನಿ ಮಳಿ ಬಿತ್ತಂದ್ರ ಸಾಕು, ಬೈಲಹೊಂಗಲ, ಸವದತ್ತಿ ಕಡೆ ಹುಡುಗೂರು ದೊಡ್ಡ ಗಾಲಿ ಜೀಪ ತಗೊಂಡು ಹೊಲದ ದಾರಿಗೆ ಇಳೀತಾರ. ರಾಡಿ ಮ್ಯಾಲ ಹಾರಬೇಕು, ಒಬ್ಬಾಂವ ಮೊಬೈಲದಾಗ ಹಿಡೀಬೇಕು. ಇದಕ್ಕ ‘ಆಫ್ ರೋಡ್’ ಅಂತಾರ. ರೋಡ್ ಅಲ್ಲಂತ ಯಾರು ಹೇಳಿದ್ರು? ಬುತ್ತಿ ಗಂಟು ಹೊತ್ತು ದಿನಾ ಹೋಗಾಕಿಗೆ ಅದ ರೋಡು.

ಬೆಳಗಾವಿ ಜಿಲ್ಲಾದ ಎರಿ ಮಣ್ಣು ಬಹಳಷ್ಟು ಹುಟ್ಟಿದ್ದು ಜ್ವಾಲಾಮುಖಿ ಕಲ್ಲಿನಿಂದ. ಸುಮಾರು 6.6 ಕೋಟಿ ವರ್ಷದ ಹಿಂದ ನೆಲಾ ಸೀಳಿ ಲಾವಾ ಹರದು, ಆರಿ ಕರಿಗಲ್ಲಾತು. ಆ ಕಲ್ಲು ಸವದು ಸವದು ಈ ಮಣ್ಣಾತು. ನೀರು ಕುಡದ್ರ ಉಬ್ಬತೈತಿ, ಒಣಗಿದ್ರ ಕೈ ಹೋಗುವಂಗ ಬಿರೀತೈತಿ. ಹಸಿ ಇದ್ದಾಗ ಗಾಲಿ ಗರಗರ ತಿರುಗಿಸಿದ್ರ ಆಳ ಜಾಡು ಬೀಳತೈತಿ, ನಾಕ ದಿನ ಬಿಸಲಿಗೆ ಅದ ಜಾಡು ಕಲ್ಲಾಗಿ ನಿಂದರತೈತಿ. ತಲಿ ಮ್ಯಾಲ ಮೇವಿನ ಹೊರಿ ಇಟಗೊಂಡು ಆ ಅಂಚಿನ ಮ್ಯಾಲ ಕಾಲಿಡಾಕಿ ಯಾರು? ಕಾಲು ಉಳುಕಿದ್ರ ಕಸಾ ತಗಿಯೂ ಪಗಾರ ಹೋತು, ಮನ್ಯಾಗ ಎಮ್ಮಿ ಹಿಂಡವ್ರಿಲ್ಲ. ದಾರಿ ಕೆಟ್ಟರ ಮಂದಿ ಬಾಜೂ ಹೊಲದಾಗ ಹಾಯ್ತಾರ. ಹೆಸರು ತುಳದಾತು, ಬದುವಿನ ಜಗಳಾ ಶುರುವಾತು.

ಟ್ರ್ಯಾಕ್ಟರ್ ಸುದ್ಧಾ ಜಾಡು ಬೀಳಸತೈತಲ್ಲ ಅಂತ ವಾದಾ ಹಾಕ್ತಾರ. ಬೀಳಸತೈತಿ, ಖರೆ. ಆದ್ರ ಒಕ್ಕಲಿಗ ಹದಾ ನೋಡಿ ಇಳೀತಾನ, ಇವರು ರಾಡಿ ನೋಡಿ ಇಳೀತಾರ. ಬನದ ಹುಣ್ಣಿವಿಗೆ, ಭಾರತ ಹುಣ್ಣಿವಿಗೆ ಯಲ್ಲಮ್ಮನ ಗುಡ್ಡಕ್ಕ ಎಷ್ಟ ಚಕ್ಕಡಿ ಬರ್ತಾವು! ಆಗ ನೆಲಾ ಒಣಗಿರತೈತಿ, ಎತ್ತಿಗೂ ತ್ರಾಸಿಲ್ಲ, ದಾರಿಗೂ ಇಲ್ಲ.

ಹೊಲದ ದಾರಿ ಮಾಡಾಕ ಸರಕಾರದ್ದ ‘ನಮ್ಮ ಹೊಲ ನಮ್ಮ ದಾರಿ’ ಯೋಜನಾ ಐತಿ. ಪಂಚಾಯ್ತಿಯವರು ಮುರಂ ಹಾಕಿಸೂದು, ಇವರು ಕಿತ್ತು ಒಗಿಯೂದು, ಇದು ಯಾವ ನ್ಯಾಯ?

ತಾಯಂದ್ರೂ ಕಡಿಮಿ ಇಲ್ಲ ಬಿಡ್ರಿ. ‘ನಮ್ಮಾಂವ ಎಂಥಾ ರಾಡಿಯಾಗೂ ಗಾಡಿ ಹೊರಗ ತಗೀತಾನ’ ಅಂತ ಹಿಗ್ಗತಾರ. ಗಾಡಿ ಹೊರಗ ಬಂತು, ದಾರಿ ಒಳಗ ಹೋತಲ್ಲವಾ! ಗ್ರಾಮಸಭಾಕ್ಕ ಹೋಗಿ ಕೇಳೂನು: ಮಳಿಗಾಲ ಮುಗಿಯೂತನಾ ಹೊಲದ ದಾರಿಯಾಗ ಈ ಆಟ ಬಂದ್. ಹೌಸಿ ಇದ್ರ ಬ್ಯಾಸಗಿಯಾಗ, ಮಾಲಕನ್ನ ಕೇಳಿ, ಬೀಳು ನೆಲದಾಗ ಆಡ್ಲಿ. ಈಗಾಗಲೇ ಕೆಡಿಸಿದ್ದನ್ನ ಅವರ ಸಲಕಿ ಹಿಡದು ಮುಚ್ಚಲಿ. ಅದರ ವಿಡಿಯೋ ಹಾಕ್ಲಿ ಬೇಕಾರ, ಮೊದಲ ಲೈಕ್ ನಂದ.