ದೊಡ್ಡಣ್ಣನ ಔದಾರ್ಯಕ್ಕೆ ನಮ್ಮ ಮೆಣಸೇ ಯಾಕೆ?

ಮೆಣಸಿನ ರೇಟು ಬಿದ್ದಾಗಲೆಲ್ಲ ನಾವು ಸೊಸೈಟಿ ಜಗುಲಿಯಲ್ಲಿ ಕೂತು ಶ್ರೀಲಂಕಾಕ್ಕೆ ಬೈತೀವಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ ಇದು. ಅಲ್ಲಿನ ಬೆಳೆಗಾರನೂ ನಮ್ಮ ಹಾಗೆ ಏಣಿ ಹತ್ತಿ ಮೆಣಸು ಕೊಯ್ಯೋನೇ. ಕೇಳಬೇಕಾದ್ದು ದೆಹಲಿಯನ್ನ.

ಲೆಕ್ಕ ನೋಡಿ. ಹೊರಗಿನ ಮೆಣಸಿಗೆ ನಮ್ಮಲ್ಲಿ ಮಾಮೂಲಿ ಆಮದು ಸುಂಕ 70%. ಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಿದ್ದು 1998ರಲ್ಲಿ. ಅದರಡಿ ವರ್ಷಕ್ಕೆ 2,500 ಟನ್ ಸುಂಕವೇ ಇಲ್ಲದೆ ಬರಬಹುದು. 2006ರಲ್ಲಿ ಜಾರಿಯಾದ ಸಾರ್ಕ್ ದೇಶಗಳ ಸಾಫ್ಟಾ ಒಪ್ಪಂದದಡಿ ಉಳಿದ ಮೆಣಸಿಗೆ ಸುಂಕ ಬರೀ 8%. ಇಷ್ಟು ದೊಡ್ಡ ಅಂತರ ಇದ್ದ ಮೇಲೆ ವಿಯೆಟ್ನಾಂ ಮೆಣಸು ಕೊಲಂಬೊ ಬಂದರಲ್ಲಿ ಇಳಿದು, ಲಂಕಾದ್ದೇ ಅನ್ನೋ ಕಾಗದ ಹಿಡ್ಕೊಂಡು ಇಲ್ಲಿಗೆ ಬರತ್ತೆ ಅನ್ನೋ ದೂರು ಹುಟ್ಟದೆ ಇರುತ್ತಾ? ಬೆಳೆಗಾರರು ಗಲಾಟೆ ಮಾಡಿದ ಮೇಲೆ, 2017ರ ಡಿಸೆಂಬರ್‌ನಲ್ಲಿ, ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಬಂತು. ಅಡಿಕೆಗೂ ಅಂಥದೇ ಬೇಲಿ ಇದೆ. ಆದ್ರೆ 2022ರಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ಬರಲಿಕ್ಕೆ ಅದೇ ಬೇಲಿಯಲ್ಲಿ ಒಂದು ಕಂಡಿ ಬಿಟ್ಟರು.

"ದೊಡ್ಡ ದೇಶ ಅಂದ್ಮೇಲೆ ದೊಡ್ಡ ಮನಸ್ಸು ಇರಬೇಕು, ನೆರೆಯವರನ್ನ ನಾವೇ ಕಟ್ಟಿಕೊಂಡು ಹೋಗಬೇಕು" ಅಂತಾರೆ. ಒಪ್ತೀನಿ. ದಕ್ಷಿಣ ಏಷ್ಯಾದ ದೇಶಗಳು ತಮ್ಮತಮ್ಮಲ್ಲಿ ಮಾಡೋ ವ್ಯಾಪಾರ ಅವುಗಳ ಒಟ್ಟು ವ್ಯಾಪಾರದ 5% ಆಸುಪಾಸು ಅಷ್ಟೇ. ಇದು ಯಾರಿಗೂ ಒಳ್ಳೇದಲ್ಲ. ಆದ್ರೆ ಹಿರಿಯಣ್ಣನ ದಾನದ ಖರ್ಚು ಯಾರ ಕಣಜದಿಂದ ಹೋಗಬೇಕು? 2022ರಲ್ಲಿ ಲಂಕಾ ದಿವಾಳಿಯಾದಾಗ ಭಾರತ ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟಿತು. ಅದು ದೇಶದ ಬೊಕ್ಕಸದ ಹೊರೆ, ಎಲ್ಲರ ಮೇಲೂ ಹಂಚಿಹೋಯ್ತು. ಅದು ಸರಿ. ಸುಂಕದ ರಿಯಾಯ್ತಿಯ ಹೊರೆ ಮಾತ್ರ ಕೊಡಗು, ಚಿಕ್ಕಮಗಳೂರು, ಹಾಸನ, ವಯನಾಡಿನ ತೋಟಗಳ ಮೇಲೇ ಬೀಳತ್ತೆ. ಯುರೋಪಿನ ಒಕ್ಕೂಟದಲ್ಲಿ ದೊಡ್ಡಣ್ಣ ಜರ್ಮನಿ ಪಡೆಯೋದಕ್ಕಿಂತ ಹೆಚ್ಚು ಕೊಡತ್ತೆ. ಆ ಒಕ್ಕೂಟದ ಬಜೆಟ್‌ನಲ್ಲಿ ಹೆಚ್ಚೂಕಡಿಮೆ ಮೂರನೇ ಒಂದು ಭಾಗ ಕೃಷಿಗೇ ಹೋಗತ್ತೆ. ನಮ್ಮಲ್ಲಿ ಅಂಥ ಗಂಟು ಎಲ್ಲಿದೆ?

ಇನ್ನೊಂದು ಮಗ್ಗುಲು ನೋಡಿ. 2019ರಲ್ಲಿ ಈರುಳ್ಳಿ ರಫ್ತು ದಿಢೀರ್ ನಿಂತಿತು. ಬಾಂಗ್ಲಾದ ಆಗಿನ ಪ್ರಧಾನಿ ಶೇಖ್ ಹಸೀನಾ ದೆಹಲಿಗೇ ಬಂದು, ಮೊದಲೇ ಒಂದು ಮಾತು ಹೇಳಬಾರದಿತ್ತಾ, ಈರುಳ್ಳಿ ಇಲ್ಲದೆ ಅಡುಗೆ ಮಾಡು ಅಂತ ಅಡುಗೆಯವನಿಗೆ ಹೇಳಿದೀನಿ ಅಂತ ನಗ್ತಾನೇ ಚುಚ್ಚಿದರು. 2020ರಲ್ಲೂ 2023ರಲ್ಲೂ ಅದೇ ಕಥೆ. ಬೆಲೆ ಏರಿದಾಗ ಹೋಗೋ ಮಾಲಿಗೆ ಬಾಗಿಲು ಹಾಕ್ತಾರೆ, ಸ್ನೇಹ ತೋರಿಸಬೇಕಾದಾಗ ಬರೋ ಮಾಲಿಗೆ ಬಾಗಿಲು ತೆಗೀತಾರೆ. ಎರಡರಲ್ಲೂ ಕೈ ಸುಟ್ಟುಕೊಳ್ಳೋನು ರೈತ. ನೆರೆಯವರ ನಂಬಿಕೆಯೂ ಉಳಿಯಲಿಲ್ಲ.

ಹಾಗಂತ "ಗಡಿ ಮುಚ್ಚಿ" ಅಂತ ಕೂಗೋದರಲ್ಲಿ ಅರ್ಥ ಇಲ್ಲ. ಈರುಳ್ಳಿಗೆ ಹೊರಗಿನ ಮಾರ್ಕೆಟ್ ಬೇಕು ಅನ್ನೋ ರೈತ ಮೆಣಸಿಗೆ ಗಡಿ ಮುಚ್ಚಿ ಅಂದ್ರೆ ಯಾರು ಕೇಳ್ತಾರೆ? ಕೇಳಬೇಕಾದ್ದು ಮೂರೇ. ಮಾಲು ಎಲ್ಲಿ ಬೆಳೆದದ್ದು ಅನ್ನೋದನ್ನ ಬಂದರಲ್ಲೇ ಬಿಗಿಯಾಗಿ ತಪಾಸಣೆ ಮಾಡಿ. ರಿಯಾಯ್ತಿ ಕೊಟ್ಟ ಬೆಳೆಯ ದರ ಕುಸಿದ್ರೆ ನಷ್ಟವನ್ನ ಬೊಕ್ಕಸದಿಂದ ತುಂಬಿಕೊಡಿ. ಸಹಿ ಹಾಕೋ ಮುಂಚೆ ಆ ಬೆಳೆಯವರನ್ನ ಕರೆದು ಕೇಳಿ.

ಮುಂದಿನ ಸೊಸೈಟಿ ಮಹಾಸಭೆಯಲ್ಲಿ ಈ ಮೂರನ್ನೂ ಠರಾವು ಮಾಡಿ ಸಂಸದರಿಗೆ ಕಳಿಸೋಣ. ನಿಮ್ಮೂರಿನ ಸೊಸೈಟಿಯಲ್ಲೂ ಮಾತು ತೆಗೀರಿ. ಒಪ್ಪದಿದ್ರೆ ಕೆಳಗೆ ಬರೀರಿ, ಜಗಳ ಆಡೋಣ.